ಜಾಲೀಗಿಡದ ಕೆಳಗಿನ ರೊಟ್ಟಿ

ನಿಟುವಳ್ಳಿಯ ನಮ್ಮ ಮನೆಗೆ ರೈಲುಹಳಿ ತೀರ ಹತ್ತಿರವೇನಲ್ಲ. ಆದರೂ ನಡುರಾತ್ರಿ ಊರೆಲ್ಲ ಅಡಗಿದ ಮೇಲೆ, ಹುಬ್ಬಳ್ಳಿಯ ಕಡೆಗೋ ಬೆಂಗಳೂರಿನ ಕಡೆಗೋ ಹೋಗುವ ಗಾಡಿಯ ಕೂಗು ಹಾಸಿಗೆಯವರೆಗೂ ಬರುತ್ತದೆ. ಹಲವು ವರ್ಷ ನಾನು ಆ ಕೂಗುಗಳನ್ನು ಎಣಿಸುತ್ತ ಮಲಗಿದ್ದೇನೆ. ನಿದ್ದೆ ಕೆಡಲು ಗಾಡಿಗಳು ಕಾರಣವಾಗಿರಲಿಲ್ಲ. ಅವು ಬರುವ ಹೊತ್ತಿಗೆ ನಾನು ಆಗಲೇ ಎಚ್ಚರವಾಗಿ, ಒಳಗಿನ ಒಂದು ದನಿ ಆ ದಿನದ ನನ್ನ ತಪ್ಪುಗಳನ್ನು ಒಂದೊಂದಾಗಿ ಓದಿ ಹೇಳುವುದನ್ನು ಕೇಳಿಸಿಕೊಳ್ಳುತ್ತಿರುತ್ತಿದ್ದೆ.

ನಾನು ಪ್ರೌಢಶಾಲೆಯಲ್ಲಿ ಗಣಿತ ಕಲಿಸುವವಳು. ಒಂದು ದಿನ ಹತ್ತನೇ ತರಗತಿಯಲ್ಲಿ ವರ್ಗಸಮೀಕರಣದ ಲೆಕ್ಕವೊಂದನ್ನು ಹಲಗೆಯ ಮೇಲೆ ಬಿಡಿಸುವಾಗ ಋಣಚಿಹ್ನೆಯೊಂದನ್ನು ಬಿಟ್ಟುಬಿಟ್ಟೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಮಿಸ್, ಅಲ್ಲಿ ಮೈನಸ್ ಬರಬೇಕಲ್ವಾ?" ಎಂದಳು. ಅವಳನ್ನು ಮೆಚ್ಚಿಕೊಂಡು, ಲೆಕ್ಕ ತಿದ್ದಿ, ಪಾಠ ಮುಂದುವರಿಸಿದೆ. ತರಗತಿಯ ಮಟ್ಟಿಗೆ ಅದು ಅರ್ಧ ನಿಮಿಷದ ಸಂಗತಿ. ಸಂಜೆಯ ಗಂಟೆ ಹೊಡೆಯುವ ಹೊತ್ತಿಗೆ ಮಕ್ಕಳಿಗೆ ಅದು ನೆನಪೂ ಇರಲಿಲ್ಲ. ರಾತ್ರಿಯ ದನಿಗೆ ಮಾತ್ರ ನೆನಪಿತ್ತು. "ಇಪ್ಪತ್ತು ವರ್ಷ ಪಾಠ ಮಾಡಿದರೂ ಇಷ್ಟು ಬರಲಿಲ್ಲ ನಿನಗೆ. ಆ ಮಕ್ಕಳು ನಿನ್ನಂಥವಳ ಕೈಗೆ ಸಿಕ್ಕಿವೆ, ಪಾಪ. ನಿನ್ನ ಕೈಲಿ ಒಂದಾದರೂ ಕೆಲಸ ನೆಟ್ಟಗಾಗಿದೆಯೇನು?" ಹೀಗೆ ಒಂದು ಮೈನಸ್ ಚಿಹ್ನೆಯಿಂದ ಹೊರಟ ಮಾತು, ತಂಗಿಯ ಮದುವೆಯಲ್ಲಿ ನಾನು ಅವಳಿಗೆ ಆಡಿದ ಒರಟು ಮಾತನ್ನೂ, ಅವ್ವ ಹಾಸಿಗೆ ಹಿಡಿದಿದ್ದಾಗ ನಾನು ತೋರಿಸಿದ ಅಸಹನೆಯನ್ನೂ ಸುತ್ತಿಕೊಂಡು, ಬೆಳಗಿನ ಜಾವದ ಹೊತ್ತಿಗೆ ನಾನು ಹುಟ್ಟಿದ್ದೇ ದಂಡ ಎಂಬ ತೀರ್ಪಿಗೆ ಬಂದು ನಿಲ್ಲುತ್ತಿತ್ತು.

ಆಡಿಕೊಳ್ಳುವವರ ಮುಂದೆ ಎಡವಿ ಬಿದ್ದ ಹಾಗೆ ಎಂದು ನಮ್ಮಲ್ಲಿ ಹೇಳುತ್ತಾರೆ. ಆಡಿಕೊಳ್ಳುವವರು ಹೊರಗಿದ್ದರೆ ಬಾಗಿಲು ಹಾಕಿಕೊಳ್ಳಬಹುದು. ಅವರು ಎದೆಯೊಳಗೇ ಮನೆ ಮಾಡಿಕೊಂಡಿದ್ದರೆ ಎಡವಿದ್ದೆಲ್ಲ ಅವರ ಮುಂದೆಯೇ ಆಗುತ್ತದೆ.

ಆ ದನಿ ನನ್ನನ್ನು ಕರೆಯುತ್ತಿದ್ದ ರೀತಿಯನ್ನು ನಾನು ಬಹಳ ತಡವಾಗಿ ಗಮನಿಸಿದೆ. ನಮ್ಮ ದಾವಣಗೆರೆಯಲ್ಲಿ ತರಕಾರಿ ಮಾರುವ ಮುದುಕಿಯೂ ನನ್ನನ್ನು "ಬಾ ತಾಯಿ" ಎಂದೇ ಕರೆಯುತ್ತಾಳೆ. ನಾನೂ ಹಾಗೆಯೇ, ಲೆಕ್ಕ ಬಾರದೆ ಕಣ್ಣಲ್ಲಿ ನೀರು ತುಂಬಿಕೊಂಡು ನಿಂತ ಮಗುವನ್ನು "ಅಳಬೇಡ ಮರಿ, ಇನ್ನೊಂದು ಸಲ ನೋಡೋಣ" ಎಂದೇ ಮಾತನಾಡಿಸುತ್ತೇನೆ. ಆ ದನಿಗೆ ಮಾತ್ರ ನನ್ನ ಹೆಸರು ಗೊತ್ತಿರಲಿಲ್ಲ. ಕೈಲಾಗದವಳು, ದಡ್ಡಿ, ದಂಡ ಎಂಬ ಮಾತುಗಳಷ್ಟೇ ಅದರ ಬಾಯಲ್ಲಿದ್ದವು. ಊರಿನಲ್ಲಿ ಯಾರಾದರೂ ಯಾರನ್ನಾದರೂ ಹಾಗೆ ಕರೆದಿದ್ದರೆ ನಾನು ನಡುವೆ ನಿಂತು ತಡೆಯುತ್ತಿದ್ದೆ. ನನ್ನೊಳಗೆ ಅದು ನಡೆಯುತ್ತಿದ್ದಾಗ ತಲೆ ತಗ್ಗಿಸಿ ಕೇಳುತ್ತಿದ್ದೆ. ಏಕೆಂದರೆ ಅದು ದೇವರ ದನಿ ಎಂದೇ ನಾನು ನಂಬಿದ್ದೆ.

ಈ ನಂಬಿಕೆ ಹೇಗೆ ಬೇರೂರಿತೆಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಾವು ಮೂರು ತಲೆಮಾರಿನಿಂದ ಕ್ರೈಸ್ತರು. ಭಾನುವಾರದ ಆರಾಧನೆಯಲ್ಲಿ ಮೊದಲು ಪಾಪದ ಅರಿಕೆ, ಆಮೇಲೆ ಕ್ಷಮೆಯ ಮಾತು. ಸಭೆಯೆಲ್ಲ ಮೊಣಕಾಲೂರಿ, ಮಾಡಬಾರದ್ದನ್ನು ಮಾಡಿದೆವು, ಮಾಡಬೇಕಾದದ್ದನ್ನು ಬಿಟ್ಟೆವು ಎಂದು ಒಟ್ಟಾಗಿ ಹೇಳುವಾಗ ನನಗೆ ಒಂದು ಬಗೆಯ ನೆಮ್ಮದಿಯಾಗುತ್ತಿತ್ತು. ನನ್ನ ರಾತ್ರಿಯ ದನಿ ಹೇಳುವುದನ್ನೇ ಸಭೆಯೂ ಹೇಳುತ್ತಿದೆ ಎಂದು ಅನಿಸುತ್ತಿತ್ತು. ಮುಂದಿನ ಗಳಿಗೆಯಲ್ಲೇ ಸಭಾಪಾಲಕರಾದ ಅಯ್ಯನವರು ಎದ್ದು ನಿಂತು ದೇವರ ಕ್ಷಮೆಯನ್ನು ಸಾರುತ್ತಿದ್ದರು. ಆ ಮಾತು ನನ್ನ ಕಿವಿಯ ಮೇಲೆ ಬೀಳುತ್ತಿತ್ತು, ಒಳಗೆ ಇಳಿಯುತ್ತಿರಲಿಲ್ಲ. ಎಲ್ಲರೂ ಎದ್ದು ಹಾಡಲು ಪುಸ್ತಕ ತೆರೆದಾಗಲೂ ನಾನು ಮನಸ್ಸಿನಲ್ಲಿ ಮೊಣಕಾಲೂರಿಯೇ ಇರುತ್ತಿದ್ದೆ. ಕ್ಷಮೆ ಉಳಿದವರಿಗೆ, ಅರಿಕೆ ನನಗೆ ಎಂಬಂತೆ ನಾನು ಆರಾಧನೆಯನ್ನು ಅರ್ಧಕ್ಕೆ ಕತ್ತರಿಸಿಟ್ಟುಕೊಂಡಿದ್ದೆ. ಅದನ್ನೇ ದೀನತೆ ಎಂದು ಭಾವಿಸಿದ್ದೆ. ಕ್ಷಮಿಸಿದ್ದೇನೆ ಎಂದು ದೇವರು ಹೇಳಿದ ಮೇಲೂ ಇಲ್ಲವೆಂದು ಹಟ ಹಿಡಿಯುವುದು ದೀನತೆಯಾಗಲಾರದೆಂದು ನನಗೆ ಆಗ ಹೊಳೆದಿರಲಿಲ್ಲ.

ಆ ದನಿಯ ಧಾಟಿ ಮಾತ್ರ ದೇವಾಲಯದ್ದಲ್ಲ, ನಮ್ಮ ಮನೆಯದು. ಅಪ್ಪ ಹತ್ತಿಯ ಗಿರಣಿಯಲ್ಲಿ ಕೆಲಸಕ್ಕಿದ್ದರು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದ ಕಾಲ ಅದು. ಪಾಳಿ ಬದಲಾಗುವ ಹೊತ್ತಿನ ಸೈರನ್ನಿಗೆ ಸರಿಯಾಗಿ ನಮ್ಮ ಓಣಿಯಲ್ಲಿ ಒಲೆಗಳು ಹತ್ತುತ್ತಿದ್ದವು. ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದಾಗ ಅಪ್ಪನ ಕೆಲಸವೂ ಹೋಯಿತು. ಆಮೇಲೆ ಅವರು ಮಂಡಕ್ಕಿ ಭಟ್ಟಿಯಲ್ಲಿ ಚೀಲ ಹೊತ್ತರು, ಅಂಗಡಿಯೊಂದರಲ್ಲಿ ರಾತ್ರಿ ಕಾವಲಿದ್ದರು. ನನ್ನ ಅಂಕಪಟ್ಟಿ ನೋಡುವಾಗ ಅವರ ಕಣ್ಣು ತೊಂಬತ್ತಾರರ ಮೇಲೆ ನಿಲ್ಲುತ್ತಿರಲಿಲ್ಲ. ಹೋದ ನಾಲ್ಕರ ಮೇಲೆ ನಿಲ್ಲುತ್ತಿತ್ತು. "ಆ ನಾಲ್ಕು ಎಲ್ಲಿ ಹೋದವು?" ಎಂದು ಕೇಳುತ್ತಿದ್ದರು. "ಹಿಂಗಾದ್ರೆ ನಿನ್ನ ಕೈಲಿ ಏನಾಗುತ್ತೆ?" ಎನ್ನುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಅವರು ಹೇಳಿದ್ದು ನಿಜವೆನಿಸುತ್ತಿತ್ತು.

ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ ಒಂದು ರಾತ್ರಿ ನೀರು ಕುಡಿಯಲು ಎದ್ದವಳು ಹಿತ್ತಿಲಿನಲ್ಲಿ ಯಾರೋ ಮಾತನಾಡುವುದನ್ನು ಕೇಳಿದೆ. ಅಪ್ಪ ಒಬ್ಬರೇ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತಿದ್ದರು. "ನಿನ್ನ ಕೈಲಿ ಏನಾಗುತ್ತೆ? ಹೆಂಡ್ತಿ ಮಕ್ಕಳಿಗೆ ಎರಡು ಹೊತ್ತು ಹಾಕೋಕಾಗಲ್ಲ ನಿನಗೆ. ನಿಮ್ಮಪ್ಪನೂ ಅಷ್ಟೇ, ನೀನೂ ಅಷ್ಟೇ." ನನಗೆ ಆಡುತ್ತಿದ್ದ ಮಾತನ್ನೇ ಅವರು ತಮಗೇ ಆಡಿಕೊಳ್ಳುತ್ತಿದ್ದರು, ಅದೇ ಧಾಟಿಯಲ್ಲಿ, ಅದಕ್ಕಿಂತ ಒರಟಾಗಿ. ನಾನು ನೀರು ಕುಡಿಯದೆ ಹಿಂತಿರುಗಿ ಮಲಗಿದೆ. ಆ ವಯಸ್ಸಿನಲ್ಲಿ ಅದನ್ನು ಏನು ಮಾಡಬೇಕೆಂದು ತಿಳಿಯಲಿಲ್ಲ, ಮರೆತುಬಿಟ್ಟೆ. ಎಷ್ಟೋ ವರ್ಷಗಳ ಮೇಲೆ ಅದು ಮರಳಿ ನೆನಪಾದದ್ದು ಎಲ್ಲಿ ಎಂಬುದನ್ನು ಮುಂದೆ ಹೇಳುತ್ತೇನೆ.

ನಲವತ್ತೈದು ದಾಟುವ ಹೊತ್ತಿಗೆ ಶರೀರ ಸೋತಿತು. ಬೆಳಿಗ್ಗೆ ಏಳಲಾಗದ ಆಯಾಸ, ಎದೆಬಡಿತ, ಊಟದ ಮೇಲೆ ಬೇಸರ, ತರಗತಿಯ ಬಾಗಿಲಲ್ಲಿ ನಿಂತಾಗ ಬರುವ ಬೆವರು. ರಕ್ತಪರೀಕ್ಷೆಗಳಲ್ಲಿ ಏನೂ ಕಾಣಲಿಲ್ಲವಾದ್ದರಿಂದ ವೈದ್ಯರು ಮನೋವೈದ್ಯರ ಬಳಿಗೆ ಕಳಿಸಿದರು. ಅಲ್ಲಿಗೆ ಹೋಗುವುದಕ್ಕೆ ನನಗಿದ್ದ ನಾಚಿಕೆ ಹೇಳತೀರದು; ನಂಬಿಕೆಯುಳ್ಳವಳು ಪ್ರಾರ್ಥನೆ ಮಾಡಬೇಕೇ ಹೊರತು ಮಾತ್ರೆ ನುಂಗಬಾರದು ಎಂದು ದನಿ ದಾರಿಯುದ್ದಕ್ಕೂ ಹೇಳುತ್ತಿತ್ತು. ಆಪ್ತಸಮಾಲೋಚಕಿ ನನ್ನ ಮಾತನ್ನು ಬಹಳ ಹೊತ್ತು ಕೇಳಿ, ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಂಡು ಆ ದನಿ ಹೇಳಿದ್ದನ್ನು ಅದು ಹೇಳಿದಂತೆಯೇ ಬರೆಯಲು ಹೇಳಿದರು. ಅಮೆರಿಕದ ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ತಮ್ಮ ರೋಗಿಗಳಲ್ಲಿ ಕಂಡುಕೊಂಡ ಸಂಗತಿಯೊಂದನ್ನು ಅವರೇ ನನಗೆ ವಿವರಿಸಿದರು: ಖಿನ್ನತೆಯಿಂದ ಬಳಲುವವರ ಮನಸ್ಸಿನಲ್ಲಿ, ಅವರು ಬಾಯಲ್ಲಿ ಆಡುವ ಮಾತಿನ ಪಕ್ಕದಲ್ಲೇ, ತಮ್ಮನ್ನು ತಾವು ಹಳಿದುಕೊಳ್ಳುವ ಇನ್ನೊಂದು ಮಾತಿನ ಹರಿವು ತಾನೇ ತಾನಾಗಿ ಓಡುತ್ತಿರುತ್ತದೆ, ಅದು ಎಷ್ಟು ವೇಗವಾಗಿ ಬಂದು ಹೋಗುತ್ತದೆಂದರೆ ಅವರು ಅದನ್ನು ಒಂದು ಯೋಚನೆ ಎಂದು ಗುರುತಿಸದೆ ಸತ್ಯವೆಂದೇ ತೆಗೆದುಕೊಳ್ಳುತ್ತಾರೆ. ಬರೆದಾಗ ಅದು ನಿಲ್ಲುತ್ತದೆ, ನಿಂತಾಗ ಅದನ್ನು ಪರೀಕ್ಷಿಸಬಹುದು. ಗಣಿತದವಳಾದ ನನಗೆ ಈ ಕ್ರಮ ಹಿಡಿಸಿತು. ಮಾತ್ರೆಗಳನ್ನೂ ತೆಗೆದುಕೊಂಡೆ, ಅವು ನನಗೆ ನೆರವಾದವು. ನನ್ನಂತೆ ನಾಚಿಕೆಪಡುವವರು ಯಾರಾದರೂ ಇದನ್ನು ಓದುತ್ತಿದ್ದರೆ ಅವರಿಗೊಂದು ಮಾತು: ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಕನ್ನಡದಲ್ಲೇ ಮಾತನಾಡಬಹುದು. ಸಾಯಬೇಕೆಂಬ ಯೋಚನೆ ಬಂದವರಂತೂ ಒಂದು ಗಳಿಗೆಯೂ ತಡಮಾಡಬಾರದು.

ಇದನ್ನು ಒತ್ತಿ ಹೇಳಲು ಕಾರಣವಿದೆ. ನಂಬಿಕೆ ಗಟ್ಟಿಯಿದ್ದರೆ ಇಂಥದೆಲ್ಲ ಬರುವುದಿಲ್ಲ ಎಂದು ಹೇಳುವವರು ನಮ್ಮ ಸಭೆಗಳಲ್ಲಿದ್ದಾರೆ. ಅವರ ಮಾತು ನನಗೆ ಬಹಳ ನೋವು ಕೊಟ್ಟಿದೆ. ಇಂಗ್ಲಿಷ್ ಕವಿ ವಿಲಿಯಂ ಕೂಪರ್ (1731–1800) ಬರೆದ ಭಕ್ತಿಗೀತೆಗಳನ್ನು ಕ್ರೈಸ್ತರು ಇಂದಿಗೂ ಹಾಡುತ್ತಾರೆ. ಅದೇ ಕೂಪರ್ 1773ರಲ್ಲಿ ತೀವ್ರವಾದ ಖಿನ್ನತೆಗೆ ಸಿಕ್ಕಿ, ದೇವರು ತನ್ನನ್ನು ಕೈಬಿಟ್ಟನೆಂದು ನಂಬಿದರು. ಆ ಭಯ ಅವರನ್ನು ಸಾಯುವವರೆಗೂ ಪೂರ್ತಿಯಾಗಿ ಬಿಡಲಿಲ್ಲ. ಆಗ ಅವರ ಗೆಳೆಯರೂ ಅವರಿದ್ದ ಊರಿನ ಸಭಾಪಾಲಕರೂ ಆಗಿದ್ದ ಜಾನ್ ನ್ಯೂಟನ್, ಅವರನ್ನು ಒಂದು ವರ್ಷಕ್ಕೂ ಹೆಚ್ಚು ಕಾಲ ತಮ್ಮ ಮನೆಯಲ್ಲೇ ಇಟ್ಟುಕೊಂಡು ನೋಡಿಕೊಂಡರು. ನಿನ್ನ ನಂಬಿಕೆ ಸಾಲದು ಎಂದು ದೂರ ಸರಿಯಲಿಲ್ಲ. ಇಬ್ಬರ ಗೀತೆಗಳೂ ಸೇರಿದ ಸಂಗ್ರಹ 1779ರಲ್ಲಿ ಪ್ರಕಟವಾಯಿತು. ದೇವರ ವಿಶ್ರಾಂತಿ ಕೆಲವರಿಗೆ ಒಳಗಿನ ಶಾಂತಿಯಾಗಿ ಬರುವುದಕ್ಕೆ ಮೊದಲು, ಬಾಗಿಲು ತೆರೆದಿಟ್ಟುಕೊಂಡ ಗೆಳೆಯನಾಗಿ ಬರುತ್ತದೆ ಎಂದು ಈ ಇಬ್ಬರನ್ನು ನೆನೆದಾಗಲೆಲ್ಲ ನನಗೆ ಅನಿಸುತ್ತದೆ.

ಶಾಲೆಗೆ ರಜೆ ಹಾಕಿ ತಂಗಿಯ ಮನೆಗೆಂದು ದುರ್ಗದ ಬಸ್ಸು ಹತ್ತಿದ ದಿನ ನನಗೆ ಚೆನ್ನಾಗಿ ನೆನಪಿದೆ. ನಮ್ಮ ಕಡೆ ಚಿತ್ರದುರ್ಗವನ್ನು ಯಾರೂ ಪೂರ್ತಿ ಹೆಸರಿನಿಂದ ಕರೆಯುವುದಿಲ್ಲ. ಭದ್ರಾ ನಾಲೆಯ ಹಸಿರು ಗದ್ದೆಗಳು ಹಿಂದೆ ಸರಿದು, ಭರಮಸಾಗರ ದಾಟುವಷ್ಟರಲ್ಲಿ ನೆಲದ ಬಣ್ಣವೇ ಬೇರೆಯಾಗುತ್ತದೆ: ಕಲ್ಲು, ಕುರುಚಲು, ಬದುಗಳ ಮೇಲೆ ಜಾಲಿ, ದೂರದ ಗುಡ್ಡಗಳ ನೆತ್ತಿಯಲ್ಲಿ ತಿರುಗುವ ಗಾಳಿಯಂತ್ರಗಳು. ಕೈಯಲ್ಲಿ ಅವ್ವನ ಹಳೆಯ ಸತ್ಯವೇದ, ಅಂದರೆ ಕನ್ನಡ ಬೈಬಲ್, ಇತ್ತು. ಓದುವ ಮನಸ್ಸಿಲ್ಲದೆ ತೆರೆದೆ. ಒಂದನೆಯ ಅರಸುಗಳು ಪುಸ್ತಕದ ಹತ್ತೊಂಬತ್ತನೆಯ ಅಧ್ಯಾಯ, ಎಲೀಯನ ಕಥೆ.

ಭಾನುವಾರದ ಶಾಲೆಯಲ್ಲಿ ನಾವೆಲ್ಲ ಕಲಿತದ್ದು ಅದರ ಹಿಂದಿನ ಅಧ್ಯಾಯ. ಕರ್ಮೆಲ್ ಬೆಟ್ಟದ ಮೇಲೆ ಆಕಾಶದಿಂದ ಬೆಂಕಿ ಇಳಿಸಿದ ಪ್ರವಾದಿ. ಮರುಅಧ್ಯಾಯದಲ್ಲಿ ಅದೇ ಪ್ರವಾದಿ ರಾಣಿ ಈಜೆಬೆಲಳ ಬೆದರಿಕೆಗೆ ಹೆದರಿ ಓಡುತ್ತಾನೆ. ಆಳನ್ನು ಬೇರ್ಷೆಬದಲ್ಲಿ ಬಿಟ್ಟು, ಒಬ್ಬನೇ ಅರಣ್ಯದೊಳಗೆ ಒಂದು ದಿನದ ದಾರಿ ನಡೆದು, ಒಂದು ಗಿಡದ ಕೆಳಗೆ ಕುಳಿತು ಸಾವನ್ನು ಬೇಡುತ್ತಾನೆ. ಮೂಲದಲ್ಲಿ ಆ ಗಿಡ ರೋತೆಮ್ ಎಂಬ ಮರುಭೂಮಿಯ ಪೊದೆ. ಅವ್ವನ ಕನ್ನಡ ಸತ್ಯವೇದದಲ್ಲಿ ಅದು ಜಾಲೀಗಿಡ. ಇಡೀ ಬೈಬಲ್ ಮೊದಲು ಕನ್ನಡಕ್ಕೆ ಬಂದದ್ದು ನಮ್ಮ ನೆರೆಯ ಬಳ್ಳಾರಿಯಲ್ಲಿದ್ದ ಮಿಷನರಿ ಜಾನ್ ಹ್ಯಾಂಡ್ಸ್ ಮತ್ತು ಅವರ ಸಂಗಡಿಗರ ಶ್ರಮದಿಂದ, 1831ರಲ್ಲಿ. ಆಮೇಲೆ ಎಷ್ಟು ಕೈಗಳು ಅದನ್ನು ತಿದ್ದಿದ್ದರೂ, ಜಾಲಿ ಎಂಬ ಆ ಪದವನ್ನು ಆರಿಸಿದವರು ಈ ಬಯಲುಸೀಮೆಯ ಬಿಸಿಲಲ್ಲಿ ನಡೆದವರೇ ಇರಬೇಕೆಂದು ನಾನು ಅಂದುಕೊಳ್ಳುತ್ತೇನೆ. ಕಿಟಕಿಯಾಚೆ ನೋಡಿದರೆ ಎಲೀಯ ಅಲ್ಲೇ ಬದುವಿನ ಮೇಲೆ ಕುಳಿತಿದ್ದಾನೆ ಎನ್ನುವಷ್ಟು ಆ ಪುಟ ಹತ್ತಿರವಾಯಿತು.

ಅಲ್ಲಿ ಅವನು ದೇವರಿಗೆ ಹೇಳುವ ಮಾತು ಇದು: ನನ್ನ ಪ್ರಾಣವನ್ನು ತೆಗೆದುಬಿಡು, ನಾನು ನನ್ನ ಪಿತೃಗಳಿಗಿಂತ ಉತ್ತಮನಲ್ಲ. ಆ ಸಾಲನ್ನು ಓದಿದ ಕೂಡಲೇ, ಎಷ್ಟೋ ವರ್ಷ ಮರೆತಿದ್ದ ಹಿತ್ತಿಲ ಕಲ್ಲು, ಅದರ ಮೇಲೆ ಕುಳಿತ ಅಪ್ಪ, "ನಿಮ್ಮಪ್ಪನೂ ಅಷ್ಟೇ, ನೀನೂ ಅಷ್ಟೇ" ಎಂಬ ಮಾತು ಎಲ್ಲವೂ ಕಣ್ಣ ಮುಂದೆ ಬಂದು ನಿಂತವು. ಅಷ್ಟು ದೊಡ್ಡ ಪ್ರವಾದಿಯೂ ಅದನ್ನೇ ಹೇಳಿಕೊಂಡಿದ್ದ. ಆ ಮಾತು ನಮ್ಮ ಮನೆಯದೊಂದೇ ಆಗಿರಲಿಲ್ಲ.

ದೇವರು ಅದಕ್ಕೆ ಕೊಟ್ಟ ಉತ್ತರವನ್ನು ನಾನು ಮತ್ತೆ ಮತ್ತೆ ಓದಿದೆ. ಉತ್ತರವೇ ಇಲ್ಲ. ನೀನು ಉತ್ತಮನು ಎಂದೂ ಹೇಳಲಿಲ್ಲ, ಅಧಮನು ಎಂದೂ ಹೇಳಲಿಲ್ಲ. ಬೆಂಕಿ ಇಳಿಸಿದವನು ನೀನಲ್ಲವೇ ಎಂದು ಹುರಿದುಂಬಿಸಲಿಲ್ಲ, ನಂಬಿಕೆ ಎಲ್ಲಿ ಹೋಯಿತೆಂದು ಗದರಲೂ ಇಲ್ಲ. ಎಲೀಯ ಮಲಗಿ ನಿದ್ದೆ ಹೋಗುತ್ತಾನೆ. ದೂತನೊಬ್ಬ ಬಂದು ಅವನನ್ನು ಮುಟ್ಟಿ, ಎದ್ದು ಊಟಮಾಡು ಎನ್ನುತ್ತಾನೆ. ಕಣ್ಣು ಬಿಟ್ಟರೆ ತಲೆಯ ಬಳಿ ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ತಿಂದು, ಕುಡಿದು, ಅವನು ಮತ್ತೆ ಮಲಗುತ್ತಾನೆ. ಅದಕ್ಕೂ ಯಾರ ಆಕ್ಷೇಪವೂ ಇಲ್ಲ. ದೂತನು ಎರಡನೆಯ ಸಲ ಬಂದು, ದಾರಿ ನಿನ್ನ ಶಕ್ತಿಗೆ ಮೀರಿದ್ದು ಎಂದು ಹೇಳಿ ಮತ್ತೆ ಉಣ್ಣಿಸುತ್ತಾನೆ. ಹೋರೇಬ್ ಬೆಟ್ಟದಲ್ಲಿ ದೇವರೊಡನೆ ನಡೆದ ಮಾತುಕತೆ, ಮುಂದಿನ ಕೆಲಸ, ಇವೆಲ್ಲ ನಲವತ್ತು ದಿನ ಕಳೆದ ಮೇಲಿನವು. ಮೊದಲು ನಿದ್ದೆ, ರೊಟ್ಟಿ, ನೀರು. ತನ್ನನ್ನು ತಾನೇ ತೀರ್ಪಿಗೆ ಗುರಿಮಾಡಿಕೊಂಡು ಬಿದ್ದವನೊಡನೆ ದೇವರು ವಾದಕ್ಕೆ ಕೂರಲಿಲ್ಲ, ಅವನಿಗೆ ಉಣ್ಣಲು ಕೊಟ್ಟ. ಆ ಬಸ್ಸಿನಲ್ಲಿ ನಾನು ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತೆ. ತಂಗಿಯ ಮನೆಯಲ್ಲಿ ಹನ್ನೊಂದು ದಿನ ಇದ್ದೆ. ಮೊದಲ ಮೂರು ದಿನ ಉಂಡು ಮಲಗಿದ್ದು ಬಿಟ್ಟರೆ ಬೇರೇನೂ ಮಾಡಲಿಲ್ಲ.

ನಿದ್ದೆ ಬಂದರೂ ಒಂದು ಪ್ರಶ್ನೆ ಉಳಿದೇ ಇತ್ತು. ಆ ದನಿ ಹೇಳುವುದರಲ್ಲಿ ನಿಜವೂ ಇತ್ತಲ್ಲ! ಅವ್ವನ ಮೇಲೆ ನಾನು ರೇಗಿದ್ದು ನಿಜ. ತಂಗಿಯನ್ನು ನೋಯಿಸಿದ್ದು ನಿಜ. ನೀನು ಒಳ್ಳೆಯವಳು, ನಿನ್ನನ್ನು ನೀನು ಪ್ರೀತಿಸಿಕೋ ಎಂದು ಹೇಳುವ ಪುಸ್ತಕಗಳು ನನಗೆ ಸಮಾಧಾನ ಕೊಡದಿದ್ದುದು ಈ ಕಾರಣಕ್ಕೇ. ದೂರು ಪೂರ್ತಿ ಸುಳ್ಳಲ್ಲದಾಗ ಹೊಗಳಿಕೆ ಅದರ ಬಾಯಿ ಮುಚ್ಚಿಸಲಾರದು. ಊರಿಗೆ ಹಿಂತಿರುಗಿದ ಮೇಲೆ ಅಯ್ಯನವರ ಮುಂದೆ ಇದನ್ನು ಇಟ್ಟೆ. ಅವರು ಬಹಳ ಮಾತಿನವರಲ್ಲ. "ಜೆಕರ್ಯನ ಮೂರನೇ ಅಧ್ಯಾಯ ಓದಮ್ಮ. ಅಲ್ಲಿ ಯಾರು ಮಾತಾಡ್ತಾರೆ, ಯಾರು ಮಾತಾಡಲ್ಲ, ನೋಡು" ಎಂದಷ್ಟೇ ಹೇಳಿದರು.

ಅದು ಬೈಬಲಿನ ಪ್ರವಾದಿ ಜೆಕರ್ಯನು ಕಂಡ ಒಂದು ದರ್ಶನ. ಮಹಾಯಾಜಕನಾದ ಯೆಹೋಶುವನು ಕೊಳೆಬಟ್ಟೆ ತೊಟ್ಟು ದೇವದೂತನ ಮುಂದೆ ನಿಂತಿದ್ದಾನೆ. ಅವನ ಬಲಗಡೆಯಲ್ಲಿ ದೂರು ಹೇಳಲು ಸೈತಾನನು ನಿಂತಿದ್ದಾನೆ. ಇಬ್ರಿಯ (ಹೀಬ್ರೂ) ಭಾಷೆಯಲ್ಲಿ ಆ ಹೆಸರಿನ ಅರ್ಥವೇ ಎದುರಾಳಿ, ಆಪಾದನೆ ಹೊರಿಸುವವನು. ಬಟ್ಟೆ ಕೊಳೆಯಾಗಿರುವುದು ಸುಳ್ಳಲ್ಲ. ದೇವರೂ ಅದನ್ನು ಶುಭ್ರವೆಂದು ಹೇಳುವುದಿಲ್ಲ. ಆದರೆ ದೇವರ ಗದರಿಕೆ ಬೀಳುವುದು ಕೊಳೆಬಟ್ಟೆಯವನ ಮೇಲಲ್ಲ, ದೂರುಗಾರನ ಮೇಲೆ: ಇವನು ಬೆಂಕಿಯಿಂದ ಎಳೆದ ಕೊಳ್ಳಿಯಲ್ಲವೇ? ಆಮೇಲೆ ಆ ಬಟ್ಟೆಯನ್ನು ತೆಗೆಸಿ, ಉತ್ತಮ ವಸ್ತ್ರ ತೊಡಿಸಿ, ತಲೆಗೆ ಶುಭ್ರವಾದ ಮುಂಡಾಸವನ್ನು ಇಡಿಸುತ್ತಾರೆ. ಅಯ್ಯನವರು ಸೂಚಿಸಿದಂತೆ ಹುಡುಕಿದೆ. ಇಡೀ ಅಧ್ಯಾಯದಲ್ಲಿ ಯೆಹೋಶುವ ಒಂದೇ ಒಂದು ಮಾತನ್ನೂ ಆಡುವುದಿಲ್ಲ. ತನ್ನ ಪರವಾಗಿಯೂ ಇಲ್ಲ, ವಿರುದ್ಧವಾಗಿಯೂ ಇಲ್ಲ. ನಾನು ವರ್ಷಗಟ್ಟಲೆ ರಾತ್ರಿಯಿಡೀ ಎರಡೂ ಕಡೆಯ ವಕಾಲತ್ತು ವಹಿಸಿ ದಣಿದಿದ್ದೆ. ನನ್ನ ಪರವಾಗಿ ಮಾತನಾಡುವವನು ಬೇರೊಬ್ಬನಿದ್ದಾನೆ, ಕೊಳೆಯನ್ನು ತೆಗೆಯುವ ಕೆಲಸವನ್ನು ಅವನು ಶಿಲುಬೆಯ ಮೇಲೆ ಮುಗಿಸಿದ್ದಾನೆ ಎಂಬುದು ಬಾಲ್ಯದಿಂದ ಬಾಯಿಪಾಠವಾಗಿದ್ದ ಮಾತು. ಅದು ಆಸರೆಯಾದದ್ದು ಆ ಮೌನವನ್ನು ಕಂಡ ದಿನ.

ಅಂದಿನಿಂದ ಎರಡು ದನಿಗಳನ್ನು ಬೇರ್ಪಡಿಸಿ ಕೇಳುವುದನ್ನು ಕಲಿಯುತ್ತ ಬಂದೆ. ಮನಸ್ಸಾಕ್ಷಿ ಒಂದು ತಪ್ಪನ್ನು ಹೆಸರಿಟ್ಟು ಹೇಳುತ್ತದೆ: ತಂಗಿಗೆ ಆ ದಿನ ಆ ಮಾತು ಆಡಬಾರದಿತ್ತು, ಹೋಗಿ ಕ್ಷಮೆ ಕೇಳು. ಅಲ್ಲಿಗೆ ಅದರ ಕೆಲಸ ಮುಗಿಯಿತು. ದೂರುಗಾರನ ದನಿ ತಪ್ಪಿನಿಂದ ಆರಂಭಿಸಿದರೂ ತಪ್ಪಿನಲ್ಲಿ ನಿಲ್ಲುವುದಿಲ್ಲ. ನೀನು ಇಂಥವಳೇ, ಯಾವಾಗಲೂ ಇಂಥವಳೇ ಎಂದು ಇಡೀ ಬಾಳಿಗೆ ಬರೆ ಎಳೆಯುತ್ತದೆ, ಹೋಗಬೇಕಾದ ದಾರಿಯನ್ನು ಮಾತ್ರ ತೋರಿಸುವುದಿಲ್ಲ. ವಿಚಿತ್ರವೆಂದರೆ, ಹದಿನಾರು ವರ್ಷ ಆ ಮದುವೆಮನೆಯ ಮಾತಿಗಾಗಿ ನನ್ನನ್ನು ನಾನು ಹಳಿದುಕೊಂಡಿದ್ದೆನೇ ಹೊರತು ತಂಗಿಯ ಬಳಿ ಒಮ್ಮೆಯೂ ಬಾಯಿ ಬಿಟ್ಟಿರಲಿಲ್ಲ. ಮುಂದಿನ ಸಲ ದುರ್ಗಕ್ಕೆ ಹೋದಾಗ ಕೇಳಿದೆ. ಅವಳು ಅವರೆಕಾಯಿ ಸುಲಿಯುತ್ತಿದ್ದಳು. "ನಂಗೆ ಬೇಜಾರಾಗಿತ್ತಕ್ಕ, ಸುಳ್ಳು ಹೇಳಲ್ಲ. ನೀನು ಕೇಳ್ತೀಯ ಅಂತ ಕಾದೆ. ಆಮೇಲೆ ಬಿಟ್ಟೆ" ಎಂದಳು. ಇಬ್ಬರೂ ಸೇರಿ ಕಾಯಿ ಸುಲಿದೆವು. ಆ ತಪ್ಪು ರಾತ್ರಿಯ ಪಟ್ಟಿಯಲ್ಲಿ ಮತ್ತೆ ಬಂದಿಲ್ಲ.

ಪ್ರತಿ ವರ್ಷ ಎಸ್ಸೆಸ್ಸೆಲ್ಸಿ ಮೌಲ್ಯಮಾಪನಕ್ಕೆ ಹೋಗುತ್ತೇನೆ. ಗಣಿತದಲ್ಲಿ ಹಂತಗಳಿಗೆ ಅಂಕವಿದೆ. ಸೂತ್ರವನ್ನು ಸರಿಯಾಗಿ ಬರೆದು, ಬೆಲೆಗಳನ್ನು ಸರಿಯಾಗಿ ಆದೇಶಿಸಿ, ಕೊನೆಯ ಸಾಲಿನಲ್ಲಿ ಚಿಹ್ನೆ ತಪ್ಪಿದ ಮಗುವಿಗೆ ನಾವು ಸೊನ್ನೆ ಹಾಕುವುದಿಲ್ಲ. ಹಾಕಿದರೆ ಮೇಲಿನವರು ಪತ್ರಿಕೆಯನ್ನು ಹಿಂತಿರುಗಿಸುತ್ತಾರೆ. ಹೆಸರೂ ಗೊತ್ತಿಲ್ಲದ ಸಾವಿರಾರು ಮಕ್ಕಳಿಗೆ ಒಂದೊಂದು ಹಂತವನ್ನೂ ಹುಡುಕಿ ಅಂಕ ಕೊಟ್ಟ ಅದೇ ಕೈ, ರಾತ್ರಿ ನನ್ನ ಇಡೀ ದಿನಕ್ಕೆ ಸೊನ್ನೆ ಸುತ್ತುತ್ತಿತ್ತಲ್ಲ ಎಂದು ಮೌಲ್ಯಮಾಪನ ಕೇಂದ್ರದಲ್ಲಿ ಕುಳಿತಿದ್ದಾಗಲೇ ಒಮ್ಮೆ ಹೊಳೆಯಿತು. ಆದರೆ ಸುವಾರ್ತೆಯನ್ನು ಹಂತದ ಅಂಕಕ್ಕೆ ಹೋಲಿಸಿ ಬಿಟ್ಟುಬಿಟ್ಟರೆ ಅದು ತಪ್ಪಾಗುತ್ತದೆ. ಹಂತದ ಅಂಕವೂ ಸಂಪಾದನೆಯೇ. ಏನನ್ನೂ ಬರೆಯದ ಖಾಲಿ ಹಾಳೆಗೆ ನಾನು ಏನೂ ಕೊಡಲಾರೆ. ಕೃಪೆ ಎಂಬುದು ಆ ಖಾಲಿ ಹಾಳೆಗೂ ಉಂಟು. ನಮ್ಮ ಕೆಲಸದ ಇನ್ನೊಂದು ನಿಯಮವೇ ನನಗೆ ಹೆಚ್ಚು ಸರಿಯಾಗಿ ಒಪ್ಪುತ್ತದೆ: ಯಾರೂ ತಮ್ಮ ಪತ್ರಿಕೆಯನ್ನು ತಾವೇ ಮೌಲ್ಯಮಾಪನ ಮಾಡುವಂತಿಲ್ಲ. ಬೈಬಲಿನಲ್ಲಿ ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ ನಾಲ್ಕನೆಯ ಅಧ್ಯಾಯದಲ್ಲಿ ಪೌಲನು ಇದನ್ನೇ ಹೇಳುತ್ತಾನೆ. ಜನರು ತನ್ನನ್ನು ವಿಚಾರಿಸುವುದು ತನಗೆ ಅಲ್ಪವಾದದ್ದು, ತನ್ನನ್ನು ತಾನೇ ವಿಚಾರಿಸಿಕೊಳ್ಳುವುದೂ ಇಲ್ಲ, ವಿಚಾರಿಸುವವನು ಕರ್ತನು. ಕೆಂಪು ಪೆನ್ನನ್ನು ಕೆಳಗಿಡುವ ಅಧಿಕಾರ ಪೌಲನಿಗಿದ್ದರೆ ನನಗೂ ಇದೆ.

ದನಿ ಈಗಲೂ ಬರುತ್ತದೆ. ತಿಂಗಳಿಗೆ ನಾಲ್ಕೈದು ರಾತ್ರಿ ಬರುತ್ತದೆ. ಬಂದಾಗ ಎದ್ದು ಕುಳಿತು, ನೋಟ್‌ಬುಕ್ಕಿನಲ್ಲಿ ಅದು ಹೇಳಿದ್ದನ್ನು ಬರೆಯುತ್ತೇನೆ. ಅದರಲ್ಲಿ ನಾಳೆ ಸರಿಪಡಿಸಬೇಕಾದದ್ದು ಏನಾದರೂ ಇದ್ದರೆ ಅಡಿಗೆರೆ ಎಳೆಯುತ್ತೇನೆ. ಉಳಿದದ್ದನ್ನು ಕುರಿತು, ಕರ್ತನೇ, ಇದಕ್ಕೆ ನೀನೇ ಉತ್ತರ ಹೇಳು ಎಂದು ಗಟ್ಟಿಯಾಗಿಯೇ ಹೇಳಿ ದೀಪ ಆರಿಸುತ್ತೇನೆ. ಕಷ್ಟಪಡುವವರನ್ನೂ ಹೊರೆಹೊತ್ತವರನ್ನೂ ಕರೆದು ವಿಶ್ರಾಂತಿ ಕೊಡುತ್ತೇನೆಂದ ಯೇಸು ಅದೇ ಉಸಿರಿನಲ್ಲಿ ತನ್ನನ್ನು ಸಾತ್ವಿಕನೆಂದೂ ದೀನಮನಸ್ಸಿನವನೆಂದೂ ಹೇಳಿಕೊಂಡಿದ್ದಾನೆ. ಹೀಗೆ ಗದರದವನ ಮುಂದೆ ಮಲಗುವುದನ್ನು ನಾನು ಐವತ್ತರ ಹತ್ತಿರ ಕಲಿಯುತ್ತಿದ್ದೇನೆ.

ಅಪ್ಪನಿಗೆ ಈಗ ಎಂಬತ್ತು ದಾಟಿದೆ, ನಮ್ಮ ಮನೆಯಲ್ಲೇ ಇದ್ದಾರೆ. ಕಣ್ಣು ಮಂಜಾಗಿದೆ, ಗಿರಣಿಯ ಸದ್ದಿನಲ್ಲಿ ದುಡಿದ ಕಿವಿಗಳು ಅರ್ಧ ಹೋಗಿವೆ. ತಾವು ಆಡುವುದು ತಮಗೇ ಸರಿಯಾಗಿ ಕೇಳಿಸದ್ದರಿಂದ ಈಗ ಎಲ್ಲರಿಗೂ ಕೇಳಿಸುವಂತೆ ಆಡುತ್ತಾರೆ. ಮೊನ್ನೆ ಸಂಜೆ ಶಾಲೆಯಿಂದ ಬಂದಾಗ ಜಗುಲಿಯ ಮೇಲೆ ಗೋಡೆಗೆ ತಿರುಗಿ ಮಲಗಿದ್ದರು. ಮಧ್ಯಾಹ್ನ ಇಟ್ಟುಹೋಗಿದ್ದ ಬುತ್ತಿ ಹಾಗೇ ಇತ್ತು. "ಯಾರಿಗೂ ಏನೂ ಮಾಡಲಿಲ್ಲ ನೀನು. ದಂಡ. ದಂಡದ ಜೀವ" ಎನ್ನುತ್ತಿದ್ದರು. ನೀವು ನಮಗಾಗಿ ಎಷ್ಟು ಮಾಡಿದಿರಿ ಎಂದು ಹೇಳಲು ಬಾಯಿ ತೆರೆದವಳು ಸುಮ್ಮನಾದೆ. ಒಳಗೆ ಹೋಗಿ ಹಿಟ್ಟು ಕಲಸಿ ಎರಡು ಜೋಳದ ರೊಟ್ಟಿ ಬಡಿದೆ. ಒಂದು ತಂಬಿಗೆ ನೀರಿನೊಂದಿಗೆ ತಟ್ಟೆಯನ್ನು ತಂದು ಅವರ ತಲೆಯ ಬಳಿ ಇಟ್ಟು, ಹೆಗಲು ಮುಟ್ಟಿ, "ಏಳಪ್ಪ, ಉಣ್ಣು" ಎಂದೆ.

ಎದ್ದು ಕುಳಿತು ರೊಟ್ಟಿ ಮುರಿದರು. ಒಂದು ತುತ್ತು ಬಾಯಿಗೆ ಹೋದ ಮೇಲೆ ನನ್ನ ಕಡೆ ಮುಖ ತಿರುಗಿಸಿ, "ನೀನು ಉಂಡೇನವ್ವ?" ಎಂದು ಕೇಳಿದರು. ಇಲ್ಲವೆಂದು ತಲೆಯಾಡಿಸಿದೆ. ತಟ್ಟೆಯನ್ನು ನಮ್ಮಿಬ್ಬರ ನಡುವೆ ಎಳೆದಿಟ್ಟು, ಪಕ್ಕಕ್ಕೆ ಸರಿದು ಜಾಗ ಮಾಡಿದರು.